ಕಿಲೋಮೀಟರ್ ಅಳೆದಿರಿ, ಗುಂಟೆ ಅಳೆಯಲಿಲ್ಲ: ಚರ್ಚಾ ಸ್ಪರ್ಧೆಯ ತೀರ್ಪುಗಾರರಿಗೆ ಒಂದು ಬಹಿರಂಗ ಪತ್ರ

ಚಳ್ಳಕೆರೆ

ಮಾನ್ಯ ತೀರ್ಪುಗಾರರೇ,

ನಮಸ್ಕಾರ. ಹೋದ ತಿಂಗಳು ಚಿತ್ರದುರ್ಗದಲ್ಲಿ ಪಿಯು ಮಕ್ಕಳ ಚರ್ಚಾ ಸ್ಪರ್ಧೆ ನಡೆಯಿತಲ್ಲ, ಅವತ್ತು ನೀವು ಮೂವರು ವೇದಿಕೆ ಮೇಲೆ ಕೂತಿದ್ದಿರಿ. ನಾನು ಹಿಂದಿನಿಂದ ಎರಡನೇ ಸಾಲಿನಲ್ಲಿ, ಫ್ಯಾನ್ ಗಾಳಿ ಬಾರದ ಮೂಲೆಯಲ್ಲಿದ್ದೆ. ನಿಮ್ಮ ಹೆಸರಾಗಲಿ, ಸ್ಪರ್ಧೆ ನಡೆಸಿದವರ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಜಗಳ ನನಗೂ ಬೇಕಿಲ್ಲ. ಮತ್ತೆ ಎಲ್ಲರೆದುರು ಯಾಕೆ ಬರೆಯುತ್ತಿದ್ದೀರಿ ಅಂತ ಕೇಳಬಹುದು. ನೀವು ಅವತ್ತು ಆಡಿದ ಮಾತನ್ನು ಸಭಾಂಗಣದ ತುಂಬಾ ಇದ್ದ ಮಕ್ಕಳು ಕೇಳಿಸಿಕೊಂಡರು. ಕೆಲವರು ಪುಸ್ತಕ ತೆಗೆದು ಬರೆದುಕೊಂಡರು. ಅವರಿಗೆ ನನ್ನ ಉತ್ತರವೂ ಸಿಗಲಿ ಅಂತ.

ವಿಷಯ ನೆನಪಿದೆ ಅಲ್ವಾ? 'ಅಣ್ವಸ್ತ್ರವಿಲ್ಲದ ದೇಶಕ್ಕೆ ದೂರಗಾಮಿ ಕ್ಷಿಪಣಿ ಬೇಕಿಲ್ಲ.' ನನ್ನ ಮೊಮ್ಮಗಳು ಇದರ ವಿರುದ್ಧ ಮಾತಾಡಿದಳು. ಮುಗಿಸಿ ಕೆಳಗಿಳಿಯುವ ಹೊತ್ತಿಗೆ ನಿಮ್ಮಲ್ಲಿ ಹಿರಿಯರು ಮೈಕ್ ಹತ್ತಿರಕ್ಕೆ ಎಳೆದುಕೊಂಡರು. ಸಾವಿರಾರು ಕಿಲೋಮೀಟರ್ ದೂರಕ್ಕೆ ಒಂದು ಟನ್ ಮದ್ದು ಕಳಿಸೋದು ಹುಚ್ಚರ ಕೆಲಸ, ಅಣುಬಾಂಬ್ ಇಲ್ಲದ ಕ್ಷಿಪಣಿ ಅಂದರೆ ದೀಪಾವಳಿ ರಾಕೆಟ್, ಅಂಥದ್ದನ್ನು ಯಾವ ದೇಶ ಮಾಡುತ್ತದೋ ಅದರ ಜೇಬಲ್ಲಿ ಬಾಂಬ್ ಇದ್ದೇ ಇರುತ್ತದೆ, ಅಂದರು. ಒಳ್ಳೆ ಚಪ್ಪಾಳೆ ಬಿತ್ತು. ಆಮೇಲೆ ಇನ್ನೊಂದು ಮಾತು ಸೇರಿಸಿದರು. 'ಮೊದಲು ಬಾಂಬ್ ಬಂತು, ಅದನ್ನು ಹೊರೋಕೆ ಕ್ಷಿಪಣಿ ಬಂತು. ಹುಡುಗಿ ಇಸವಿ ತಿರುಗುಮುರುಗು ಮಾಡಿದ್ದಾಳೆ.' ಅದಕ್ಕೆ ಎರಡು ಅಂಕ ಕಳೆದಿರಿ.

ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದೆ. ತಿನ್ನಲಿಲ್ಲ. 'ತಾತ, ಇಸವಿ ನಾನು ಸರಿಯಾಗೇ ಹೇಳಿದ್ದೆ' ಅಂತ ಚಳ್ಳಕೆರೆ ಬರುವ ತನಕ ಅದೊಂದೇ ಮಾತು.

ನಾನು ವಿಜ್ಞಾನಿಯಲ್ಲ, ಮಿಲಿಟರಿಯವನೂ ಅಲ್ಲ. ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತನಾದವನು. 33 ಅಡಿ ಚೈನು ಎಳೆದುಕೊಂಡು ಈ ತಾಲೂಕಿನ ಕಲ್ಲು ಮುಳ್ಳು ತುಳಿದವನು. ಹದ್ದುಬಸ್ತು, ಪೋಡಿ, ಬಾಂದು ಕಲ್ಲು ಇವೇ ನನ್ನ ಲೋಕ. ಕ್ಷಿಪಣಿ ಬಗ್ಗೆ ಇಷ್ಟು ವರ್ಷ ಓದಿಕೊಂಡು ಬಂದಿದ್ದಕ್ಕೆ ಕಾರಣ ನಮ್ಮ ಊರೇ. ಡಿಆರ್‌ಡಿಒದವರ ಅಂದರೆ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯವರ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಇಲ್ಲೇ ಶುರುವಾಯಿತು. ಇಸ್ರೋದವರು 2023ರ ಏಪ್ರಿಲ್ 2ರಂದು ರೆಕ್ಕೆಯಿರುವ ತಮ್ಮ ಮರುಬಳಕೆ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಇಳಿಯುವಂತೆ ಮಾಡಿದ್ದೂ ಇಲ್ಲೇ. ಮೊದಲು ಅದೆಲ್ಲ ಅಮೃತ ಮಹಲ್ ಕಾವಲು. ಕುರಿ, ದನ ಮೇಯುತ್ತಿದ್ದ ಹುಲ್ಲುಗಾವಲು. ಬೇಲಿ ಬಿದ್ದಿದ್ದರ ಬಗ್ಗೆ ಕುರಿಗಾಹಿಗಳ ದೂರು ಇವತ್ತಿಗೂ ಇದೆ, ಅದರಲ್ಲಿ ನ್ಯಾಯವೂ ಇದೆ. ಆದರೆ ಅದು ಬೇರೆ ಪತ್ರ.

ಮೊದಲು ನಿಮ್ಮ ವಾದದಲ್ಲಿ ಸರಿ ಇರುವುದನ್ನು ಹೇಳಿಬಿಡುತ್ತೇನೆ. ಅದು ದಡ್ಡ ವಾದವಲ್ಲ. 1960ರ ಹೊತ್ತಿನಲ್ಲಿ ನೀವು ಆ ಕುರ್ಚಿಯಲ್ಲಿ ಕೂತು ಅದೇ ಮಾತು ಆಡಿದ್ದರೆ ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ. ಅವತ್ತಿಗೂ ಇವತ್ತಿಗೂ ಏನು ಬದಲಾಯಿತು ಅನ್ನುವುದನ್ನು ನನ್ನ ಚೈನಿನಿಂದಲೇ ಅಳೆದು ತೋರಿಸುತ್ತೇನೆ.

ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಹಕ್ಕಿಗೆ ಕವಣೆ ಬೀಸಿದವರಿಗೆ ಬ್ಯಾಲಿಸ್ಟಿಕ್ ಕ್ಷಿಪಣಿ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಕಲ್ಲು ಕೈಬಿಡುವ ತನಕ ಮಾತ್ರ ನಿಮ್ಮ ಅಧಿಕಾರ. ಆಮೇಲೆ ಅದು ತನ್ನ ಪಾಡಿಗೆ ಬಿಲ್ಲಿನ ಹಾಗೆ ಬಾಗಿ ಹೋಗಿ ಬೀಳುತ್ತದೆ. ಕ್ಷಿಪಣಿಯೂ ಅಷ್ಟೇ. ಇಂಜಿನ್ ಉರಿಯುವುದು ಕೆಲವೇ ನಿಮಿಷ. ಉಳಿದ ದಾರಿಯೆಲ್ಲ ಕವಣೆ ಕಲ್ಲಿನ ದಾರಿ. 1,000 ಕಿಲೋಮೀಟರ್ ಹೋಗಬೇಕಾದರೆ ಇಂಜಿನ್ ಆರುವಾಗ ವೇಗ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ಇರಬೇಕು. ಆ ವೇಗದಲ್ಲಿ ಸೆಕೆಂಡಿಗೆ ಒಂದೇ ಒಂದು ಮೀಟರ್ ಹೆಚ್ಚು ಕಡಿಮೆ ಆಗಲಿ, ಬೀಳುವ ಜಾಗ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಸರಿದುಬಿಡುತ್ತದೆ. ನಮ್ಮ ಕೆಲಸದಲ್ಲೂ ಇದೇ ಕಾಟ. ಒಂದು ಡಿಗ್ರಿ ಕೋನ ತಪ್ಪಿದರೆ 100 ಮೀಟರಿನಲ್ಲಿ ಪೌಣೆ ಎರಡು ಮೀಟರ್ ಎಡವಟ್ಟು. ಅಷ್ಟಕ್ಕೇ ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ. ಅದೇ ಒಂದು ಡಿಗ್ರಿ 1,000 ಕಿಲೋಮೀಟರಿನಲ್ಲಿ ಹದಿನೇಳೂವರೆ ಕಿಲೋಮೀಟರ್.

ಈ ತಪ್ಪನ್ನು ಅಳೆಯಲು ಅವರಲ್ಲೊಂದು ಲೆಕ್ಕವಿದೆ. ಗುರಿಯ ಸುತ್ತ ಒಂದು ವೃತ್ತ ಹಾಕುತ್ತಾರೆ. ಹಾರಿಸಿದ ಕ್ಷಿಪಣಿಗಳಲ್ಲಿ ಅರ್ಧದಷ್ಟು ಅದರೊಳಗೆ ಬೀಳಬೇಕು. ಆ ವೃತ್ತದ ತ್ರಿಜ್ಯ ಎಷ್ಟು ಅನ್ನುವುದೇ ಕ್ಷಿಪಣಿಯ ಯೋಗ್ಯತೆ. ತ್ರಿಜ್ಯ ಒಂದು ಕಿಲೋಮೀಟರ್ ಅಂದುಕೊಳ್ಳಿ. ವೃತ್ತದ ಒಳಗೆ ಎಷ್ಟು ಜಮೀನಿದೆ? 776 ಎಕರೆ. ಒಂದು ಹಳ್ಳಿಯೇ ಹಿಡಿಯಬಹುದು. ಅದೇ ತ್ರಿಜ್ಯ 30 ಮೀಟರ್ ಆದರೆ? 28 ಗುಂಟೆ. ನಮ್ಮ ಕಡೆ ಒಂದು ಎಣ್ಣೆ ಮಿಲ್ಲಿನ ಕಾಂಪೌಂಡ್.

ನೀವು ಹುಚ್ಚರ ಕೆಲಸ ಅಂದದ್ದು 776 ಎಕರೆಯ ಲೆಕ್ಕದಲ್ಲಿ ನೂರಕ್ಕೆ ನೂರು ಸರಿ. ಅಷ್ಟು ದೊಡ್ಡ ಬಯಲಿನಲ್ಲಿ ಒಂದು ಟನ್ ಮದ್ದು ಎಲ್ಲೋ ಬಿದ್ದು ಒಂದು ಗುಂಡಿ ತೋಡಿ ಸುಮ್ಮನಾಗುತ್ತದೆ. 30 ಮೀಟರ್ ಒಳಗೆ ಬಿದ್ದರಷ್ಟೇ ಕೆಡುವ ಕಟ್ಟಡವೊಂದನ್ನು ಅರ್ಧಕ್ಕರ್ಧ ಖಾತ್ರಿಯಾಗಿ ಹೊಡೆಯಬೇಕಾದರೆ ಅಂಥ 1,111 ಕ್ಷಿಪಣಿ ಬೇಕು. ಮೊಮ್ಮಗಳು ಮಾಡಿದ ಲೆಕ್ಕ ಇದು, ನಾನು ಎರಡು ಸಲ ತಾಳೆ ನೋಡಿದ್ದೇನೆ. ಅಣುಬಾಂಬಿಗೆ ಈ ಕಷ್ಟವಿಲ್ಲ. ಹಿರೋಶಿಮಾದ ಬಾಂಬ್ ಸುಮಾರು 15,000 ಟನ್ ಮಾಮೂಲಿ ಮದ್ದಿಗೆ, ಅಂದರೆ ಟಿಎನ್‌ಟಿಗೆ ಸಮ. ಒಂದು ಕಿಲೋಮೀಟರ್ ಆಚೀಚೆ ಬಿದ್ದರೂ ಊರು ಹೋದಂತೆಯೇ. ಗುರಿ ಕೆಟ್ಟದ್ದಿದ್ದ ಕಾಲದಲ್ಲಿ ದೂರದ ಕ್ಷಿಪಣಿಗೆ ಅಣುಬಾಂಬ್ ಒಂದೇ ಜೋಡಿ ಆಗಿದ್ದು ಹೀಗೆ.

28 ಗುಂಟೆಯ ಲೆಕ್ಕಕ್ಕೆ ಬನ್ನಿ. ಅದೇ ಕಟ್ಟಡಕ್ಕೆ ಅದೇ ಅರ್ಧಕ್ಕರ್ಧ ಖಾತ್ರಿ ಬೇಕು. ಎಷ್ಟು ಕ್ಷಿಪಣಿ? ಒಂದು.

1,111 ಎಲ್ಲಿ, ಒಂದು ಎಲ್ಲಿ! ಮದ್ದು ಅದೇ, ದೂರ ಅದೇ. ಉಪಗ್ರಹದಿಂದ ಜಾಗ ತಿಳಿಯುವುದು, ಬೀಳುವಾಗಲೂ ದಾರಿ ತಿದ್ದಿಕೊಳ್ಳುವ ರೆಕ್ಕೆ, ಅಂಗೈ ಮೇಲಿಡಬಹುದಾದ ಕಂಪ್ಯೂಟರ್ ಇವು ಸೇರಿದ್ದರಿಂದ ಕವಣೆ ಕಲ್ಲಿಗೆ ಕಣ್ಣು ಬಂತು. ಅವತ್ತು ಸಮಾರೋಪದಲ್ಲಿ ನೀವು ಓಬವ್ವನ ಒನಕೆ ನೆನೆಸಿಕೊಂಡಿರಿ. ದುರ್ಗದಲ್ಲಿ ಅದಿಲ್ಲದೆ ಭಾಷಣ ಮುಗಿಯುವುದಿಲ್ಲ, ಇರಲಿ. ಆದರೆ ಆ ಒನಕೆ ಗೆದ್ದಿದ್ದು ಭಾರದಿಂದಲೇ? ಭತ್ತ ಕುಟ್ಟುವ ಮರದ ತುಂಡು ಅದು. ಯಾವ ಕಿಂಡಿಯಿಂದ ತಲೆ ಹೊರಬರುತ್ತದೆ ಅಂತ ಓಬವ್ವನಿಗೆ ಗೊತ್ತಿತ್ತು. ಹತ್ತು ಅಡಿ ಪಕ್ಕದಲ್ಲಿ ನಿಂತು ಬೀಸಿದ್ದರೆ ಒನಕೆ ಬರೀ ಒನಕೆ.

ಇನ್ನು ಇಸವಿಯ ವಿಚಾರ. ದೂರಗಾಮಿ ಬ್ಯಾಲಿಸ್ಟಿಕ್ ಕ್ಷಿಪಣಿ ಮೊದಲು ಮಾಡಿದ್ದು ಅಣುಬಾಂಬ್ ಇಲ್ಲದ ದೇಶವೇ. ಹಿಟ್ಲರನ ಜರ್ಮನಿ. ವಿ-2 ಅನ್ನುವ ಆ ಕ್ಷಿಪಣಿ ಮೊದಲ ಸಲ ಸರಿಯಾಗಿ ಹಾರಿದ್ದು 1942ರ ಅಕ್ಟೋಬರ್ 3ಕ್ಕೆ. ಲಂಡನ್ ಮೇಲೆ ಬೀಳಲು ಶುರುವಾದದ್ದು 1944ರ ಸೆಪ್ಟೆಂಬರ್ 8ಕ್ಕೆ. ಹಿರೋಶಿಮಾ 1945ರ ಆಗಸ್ಟ್ 6. ನಡುವೆ ಹನ್ನೊಂದು ತಿಂಗಳು. ಆವತ್ತಿಗೆ ಸುಮಾರು 320 ಕಿಲೋಮೀಟರ್ ಅಂದರೆ ಬಹಳ ದೂರ. ತಲೆಯಲ್ಲಿ ಸುಮಾರು ಒಂದು ಟನ್ ಮದ್ದು, ಗುರಿ ಹಲವು ಕಿಲೋಮೀಟರ್ ಆಚೀಚೆ. ಮೂರು ಸಾವಿರಕ್ಕೂ ಹೆಚ್ಚು ಹಾರಿಸಿದರು. ಯುದ್ಧದ ಗತಿ ಬದಲಾಗಲಿಲ್ಲ. ಅದು ಬಿದ್ದು ಸತ್ತವರಿಗಿಂತ, ಅದನ್ನು ಸುರಂಗದೊಳಗೆ ಕಟ್ಟುತ್ತಾ ಸತ್ತ ಸೆರೆಯಾಳುಗಳೇ ಜಾಸ್ತಿ. ಹುಚ್ಚರ ಕೆಲಸ ಅಂದಿರಲ್ಲ, ಆ ಮಾತು ಇದಕ್ಕೆ ಒಪ್ಪುತ್ತದೆ. ಅಷ್ಟಾದರೂ ಮಾಡಿದ್ದು ಯಾಕೆ? ಅಷ್ಟು ಹೊತ್ತಿಗೆ ಅವರ ಬಾಂಬರ್ ವಿಮಾನಗಳಿಗೆ ಲಂಡನ್ ತಲುಪಿ ವಾಪಸ್ ಬರುವುದೇ ದುಸ್ತರವಾಗಿತ್ತು. ವಿ-2 ಅನ್ನು ಗಾಳಿಯಲ್ಲಿ ತಡೆಯುವ ಉಪಾಯ ಯಾರ ಹತ್ತಿರವೂ ಇರಲಿಲ್ಲ.

ಬಲವಾದ ವಾಯುಪಡೆ ಇಲ್ಲದವನಿಗೆ ಕ್ಷಿಪಣಿಯೇ ಉದ್ದ ಕೈ. ಇದನ್ನು ಹಿಡಿದುಕೊಂಡು ಹೋದರೆ ಇರಾನ್ ಅರ್ಥವಾಗುತ್ತದೆ. ಅಲ್ಲಿನ ದೊರೆ ಷಾ ಕಾಲದಲ್ಲಿ ಅವರ ಹತ್ತಿರ ಅಮೆರಿಕದ ಒಳ್ಳೊಳ್ಳೆ ವಿಮಾನಗಳಿದ್ದವು. 1979ರ ಕ್ರಾಂತಿಯ ನಂತರ ಬಿಡಿಭಾಗ ಬರುವುದು ನಿಂತಿತು. ಮರುವರ್ಷವೇ ಇರಾಕ್ ಜೊತೆ ಯುದ್ಧ. ವಿಮಾನ ಇದೆ, ಸ್ಪೇರ್ ಇಲ್ಲ. ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಈ ಸಂಕಟ ಗೊತ್ತು.

ಇರಾಕನ್ನು ಆಳುತ್ತಿದ್ದ ಸದ್ದಾಂ ಹುಸೇನ್ ಹತ್ತಿರ ಸೋವಿಯತ್ ಸ್ಕಡ್ ಕ್ಷಿಪಣಿ ಇತ್ತು, 300 ಕಿಲೋಮೀಟರ್ ಹೋಗುತ್ತಿತ್ತು. ಟೆಹ್ರಾನ್ ಅದಕ್ಕೆ ಎಟುಕುತ್ತಿರಲಿಲ್ಲ. ಇರಾಕಿನವರು ಮದ್ದಿನ ತೂಕ ಇಳಿಸಿ, ಇಂಧನದ ಟ್ಯಾಂಕ್ ಉದ್ದ ಮಾಡಿ, 650 ಕಿಲೋಮೀಟರ್ ಹೋಗುವ ಹಾಗೆ ಮಾಡಿಕೊಂಡರು. ಹೆಸರು ಅಲ್ ಹುಸೇನ್. 1988ರ ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಟೆಹ್ರಾನ್ ಮತ್ತಿತರ ಊರುಗಳ ಮೇಲೆ ಸುಮಾರು 190 ಬಿದ್ದವು. ಗುರಿ ಇಲ್ಲ, ಗಾತ್ರ ಇಲ್ಲ. ಆದರೂ ಟೆಹ್ರಾನಿನ ಜನ ಲಕ್ಷಗಟ್ಟಲೆ ಊರು ಬಿಟ್ಟು ಹೋದರು. ಯಾಕೆಂದರೆ ಮುಂದಿನದರಲ್ಲಿ ವಿಷಾನಿಲ ಇರಬಹುದು ಅನ್ನುವ ಭಯ. ಸದ್ದಾಂ ರಣರಂಗದಲ್ಲಿ ವಿಷಾನಿಲ ಬಳಸಿದ್ದು ಅವರ ಕಣ್ಣೆದುರಿಗಿತ್ತು. ತಲೆಯಲ್ಲಿ ಏನಿದೆ ಅಂತ ಹೊರಗಿನಿಂದ ಕಾಣುವುದಿಲ್ಲವಲ್ಲ, ಕ್ಷಿಪಣಿಯ ಅರ್ಧ ಶಕ್ತಿ ಅಲ್ಲೇ ಇದೆ.

ಅದನ್ನು ಅನುಭವಿಸಿದ ದೇಶ ಇನ್ನೊಮ್ಮೆ ಬರಿಗೈಲಿ ಕೂರಬಾರದು ಅಂದುಕೊಂಡರೆ ಆಶ್ಚರ್ಯವಿಲ್ಲ. ಮೊದಲು ಲಿಬಿಯಾದಿಂದ, ಆಮೇಲೆ ಉತ್ತರ ಕೊರಿಯಾದಿಂದ ಸ್ಕಡ್ ತರಿಸಿದರು. ಉತ್ತರ ಕೊರಿಯಾದ ನೋಡಾಂಗ್ ಕ್ಷಿಪಣಿ ಹಿಡಿದುಕೊಂಡು ಶಹಾಬ್-3 ಮಾಡಿದರು. ಅಲ್ಲಿಂದ ಮುಂದೆ ಇರಾನಿನವರು ಜಾಸ್ತಿ ಬೆವರು ಸುರಿಸಿದ್ದು ದೂರಕ್ಕೆ ಅಂತ ನಿಮಗನಿಸಬಹುದು. 2,000 ಕಿಲೋಮೀಟರ್ ಸಾಕು ಅಂತ ತಮಗೆ ತಾವೇ ಗೆರೆ ಹಾಕಿಕೊಂಡಿದ್ದೇವೆ ಅಂತ ಅವರ ಅಧಿಕಾರಿಗಳೇ ಹೇಳಿದ್ದರು. ಬೆವರು ಹೋದದ್ದು ಗುರಿಗೆ. 2020ರ ಜನವರಿ 8ರಂದು ಇರಾಕಿನ ಐನ್ ಅಲ್ ಅಸದ್ ನೆಲೆ ಮೇಲೆ ಅವರು ಹಾರಿಸಿದಾಗ, ಉಪಗ್ರಹದ ಫೋಟೋದಲ್ಲಿ ಒಂದೊಂದು ಕಟ್ಟಡವೂ ಪ್ರತ್ಯೇಕವಾಗಿ ಹೊಡೆತ ತಿಂದಿದ್ದು ಕಾಣುತ್ತಿತ್ತು. ಎಚ್ಚರಿಕೆ ಮೊದಲೇ ಸಿಕ್ಕಿದ್ದರಿಂದ ಅಮೆರಿಕದ ಸೈನಿಕರು ಯಾರೂ ಸಾಯಲಿಲ್ಲ. ಸ್ಫೋಟದ ಅದುರಿಗೆ ನೂರಕ್ಕೂ ಹೆಚ್ಚು ಜನರ ಮೆದುಳಿಗೆ ಪೆಟ್ಟಾಯಿತು. ದೀಪಾವಳಿ ರಾಕೆಟ್ ಹಾಗೆ ಮಾಡುತ್ತದೆಯೇ ಸ್ವಾಮಿ?

ಇರಾನ್ ಪರ ವಕಾಲತ್ತು ಹಾಕುತ್ತಿಲ್ಲ. ಅವರ ಗುರಿಯೂ ಪ್ರತಿ ಸಲ 28 ಗುಂಟೆಯೊಳಗೆ ಬಿದ್ದಿಲ್ಲ. 2024ರ ಅಕ್ಟೋಬರ್ 1ರಂದು ಇಸ್ರೇಲ್ ಮೇಲೆ ಸುಮಾರು 200 ಕ್ಷಿಪಣಿ ಬಿಟ್ಟರು. ಬಹಳಷ್ಟನ್ನು ಇಸ್ರೇಲಿನವರು ಗಾಳಿಯಲ್ಲೇ ಒಡೆದರು. ಹಲವು ನೆವಾಟಿಮ್ ವಾಯುನೆಲೆಯ ಒಳಗೆ ಬಿದ್ದವು, ಆದರೆ ನೆಲೆಯ ಕೆಲಸ ನಿಲ್ಲಲಿಲ್ಲ. 2025ರ ಜೂನ್ ಯುದ್ಧದಲ್ಲಿ ಮತ್ತೆ ನೂರಾರು ಬಿಟ್ಟರು, ಇಸ್ರೇಲಿನಲ್ಲಿ ಮನೆಗಳು ಬಿದ್ದವು, ಜನ ಸತ್ತರು. ಆದರೆ ಆ ಕ್ಷಿಪಣಿಗಳು ಇರಾನಿನ ಮೇಲಿನ ದಾಳಿಯನ್ನು ತಡೆಯಲಿಲ್ಲ. ಇದನ್ನಿಟ್ಟುಕೊಂಡು ನೀವು 'ನೋಡಿ, ಕ್ಷಿಪಣಿ ಕಾಪಾಡಲಿಲ್ಲ' ಅಂದಿದ್ದರೆ ಅದು ಗಟ್ಟಿ ವಾದ. ಮೊಮ್ಮಗಳು ಅದಕ್ಕೆ ಉತ್ತರ ಹುಡುಕಲು ಒದ್ದಾಡುತ್ತಿದ್ದಳು. ನೀವು ಆ ಪ್ರಶ್ನೆ ಕೇಳಲೇ ಇಲ್ಲ.

ಸುಮ್ನೆ ಒಂದು ಮಾತು ಇಲ್ಲಿ ಹೇಳಬೇಕು ಅನಿಸುತ್ತಿದೆ, ಅಳತೆಯವನ ಖಯಾಲಿ ಅಂದುಕೊಳ್ಳಿ. 1991ರ ಫೆಬ್ರವರಿ 25ರಂದು ಸೌದಿಯ ದಹ್ರಾನಿನಲ್ಲಿ ಅಮೆರಿಕದ ಸೈನಿಕರು ಮಲಗುವ ಕಟ್ಟಡದ ಮೇಲೆ ಸದ್ದಾಮನ ಒಂದು ಕ್ಷಿಪಣಿ ಬಿದ್ದು 28 ಜನ ಸತ್ತರು. ತಡೆಯಲು ಪೇಟ್ರಿಯಟ್ ಅನ್ನುವ ಕ್ಷಿಪಣಿನಿರೋಧಕ ಇತ್ತು. ಅದರ ಕಂಪ್ಯೂಟರ್ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಪ್ರತಿ ಎಣಿಕೆಯಲ್ಲಿ ಕಣ್ಣಿಗೆ ಕಾಣದಷ್ಟು ಚೂರು ಬಿಟ್ಟು ಹೋಗುತ್ತಿತ್ತು. ಸುಮಾರು 100 ಗಂಟೆ ಆಫ್ ಮಾಡದೆ ಓಡಿಸಿದ್ದರಿಂದ ಆ ಚೂರೆಲ್ಲ ಸೇರಿ 0.34 ಸೆಕೆಂಡ್ ಆಯಿತು. ಅಷ್ಟರೊಳಗೆ ಬರುವ ಕ್ಷಿಪಣಿ ಅರ್ಧ ಕಿಲೋಮೀಟರ್ ದಾಟಿರುತ್ತದೆ. ಪೇಟ್ರಿಯಟ್ ತಪ್ಪು ಜಾಗದಲ್ಲಿ ನೋಡಿತು, ಏನೂ ಕಾಣಲಿಲ್ಲ, ಹಾರಲೇ ಇಲ್ಲ. ಚೈನು ಎಳೆದೆಳೆದು ಕೊಂಡಿ ಸವೆದು ಒಂದು ಅಂಗುಲ ಉದ್ದವಾಗಿದ್ದು ಗೊತ್ತಾಗದೆ ಒಂದು ಸರ್ವೇ ನಂಬರ್ ಪೂರ್ತಿ ತಪ್ಪು ಅಳೆದ ಪಾಪ ನನ್ನ ಮೇಲೂ ಇದೆ. ಆ 0.34 ಓದಿದ ರಾತ್ರಿ ನಿದ್ದೆ ಬರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಇರಾನ್ ಹೆಸರು ಬಂದ ಕೂಡಲೇ ನೀವು 'ಅವರಿಗೆ ಬಾಂಬ್ ಆಸೆ ಇದ್ದೇ ಇದೆ' ಅನ್ನುತ್ತೀರಿ. ಸರಿ, ಆ ದೇಶ ಬದಿಗಿಡೋಣ. ದಕ್ಷಿಣ ಕೊರಿಯಾ ತಗೊಳ್ಳಿ. ನನ್ನ ಪ್ರಕಾರ ನಿಮ್ಮ ವಾದ ಮುರಿದು ಬೀಳುವುದು ಇಲ್ಲೇ, ಅದಕ್ಕೇ ಮೊಮ್ಮಗಳು ಇದನ್ನೇ ಕೊನೆಗೆ ಇಟ್ಟುಕೊಂಡಿದ್ದಳು. ಗಂಟೆ ಬಾರಿಸಿಬಿಟ್ಟಿರಿ.

ದಕ್ಷಿಣ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ 1975ರಲ್ಲೇ ಸೇರಿದ ದೇಶ. ಬಾಂಬ್ ಇಲ್ಲ. 1978ರಲ್ಲಿ ತನ್ನದೇ ಕ್ಷಿಪಣಿ ಹಾರಿಸಿದ ಕೂಡಲೇ ಗೆಳೆಯ ಅಮೆರಿಕಕ್ಕೇ ಗಾಬರಿಯಾಯಿತು. 1979ರಲ್ಲಿ 180 ಕಿಲೋಮೀಟರಿಗಿಂತ ಆಚೆ ಹೋಗಬಾರದು ಅಂತ ಬಾಂದು ಕಲ್ಲು ನೆಟ್ಟರು. ಕೊರಿಯಾದವರು ಬಿಡಲಿಲ್ಲ. ಕಲ್ಲು ಕಿತ್ತು ಕಿತ್ತು ಮುಂದೆ ಮುಂದೆ ನೆಡಿಸಿದರು. 2001ರಲ್ಲಿ 300, 2012ರಲ್ಲಿ 800. 2017ರಲ್ಲಿ ಸಿಡಿತಲೆಯ ತೂಕದ ಮಿತಿ ತೆಗೆಸಿದರು. 2021ರ ಮೇ ತಿಂಗಳಲ್ಲಿ ಕಲ್ಲನ್ನೇ ತೆಗೆಸಿಹಾಕಿದರು. ಇವತ್ತು ಅವರಿಗೆ ದೂರದ ಮಿತಿಯೇ ಇಲ್ಲ.

ನಲವತ್ತೆರಡು ವರ್ಷ ಹಟ ಹಿಡಿದದ್ದು ಯಾಕೆ? ಉತ್ತರ ಕೊರಿಯಾದ ತೋಪು, ಕ್ಷಿಪಣಿ, ನಾಯಕರ ಅಡಗುತಾಣ ಎಲ್ಲ ಬೆಟ್ಟದ ಹೊಟ್ಟೆಯೊಳಗಿವೆ. ಅಲ್ಲಿಗೆ ವಿಮಾನ ಕಳಿಸಬೇಕಾದರೆ ಮೊದಲು ರೇಡಾರ್, ವಿಮಾನನಿರೋಧಕ ಎಲ್ಲ ದಾಟಬೇಕು. ಅಷ್ಟರಲ್ಲಿ ತಮ್ಮ ರಾಜಧಾನಿ ಸೋಲ್ ಊರಿನ ಮೇಲೆ ಬೀಳಬೇಕಾದ್ದು ಬಿದ್ದಿರುತ್ತದೆ. ಕ್ಷಿಪಣಿಯಾದರೆ ನಿಮಿಷಗಳ ಮಾತು. ಅದಕ್ಕೇ ಹ್ಯುನ್‌ಮೂ ಅನ್ನುವ ಕ್ಷಿಪಣಿಗಳ ಸಾಲು ಕಟ್ಟಿದರು. 2024ರ ಅಕ್ಟೋಬರ್ 1ರ ಸೇನಾ ದಿನದಂದು ಹ್ಯುನ್‌ಮೂ-5 ಅನ್ನು ಜನರಿಗೆ ತೋರಿಸಿದರು. ಅದರ ಸಿಡಿತಲೆ 8 ಟನ್ ತೂಗುತ್ತದೆ ಅಂತ ವರದಿಗಳಿವೆ. ನೆಲ ಕೊರೆದು ಒಳಗೆ ಹೋಗಿ ಸಿಡಿಯಬೇಕು, ಅದಕ್ಕೆ ಆ ಭಾರ. ಅಣುಬಾಂಬ್ ಹೊರಲು ಎಂಟು ಟನ್ ಯಾರಿಗೂ ಬೇಕಿಲ್ಲ. ಬಾಂಬ್ ಇಲ್ಲ, ಇಟ್ಟುಕೊಳ್ಳುವುದಿಲ್ಲ ಅಂತ ಸಹಿ ಹಾಕಿದ್ದೇವೆ ಅಂದಾಗ, ಅದರ ಕೊರತೆಯನ್ನು ಭಾರದಿಂದ, ಗುರಿಯಿಂದ ತುಂಬಲು ಹೊರಟಿದ್ದಾರೆ. 2021ರ ಸೆಪ್ಟೆಂಬರ್ 15ರಂದು ಜಲಾಂತರ್ಗಾಮಿಯಿಂದಲೂ ಬ್ಯಾಲಿಸ್ಟಿಕ್ ಕ್ಷಿಪಣಿ ಹಾರಿಸಿದರು. ಅದಕ್ಕೆ ಮುಂಚೆ ಆ ಕೆಲಸ ಮಾಡಿದ ದೇಶಗಳಿಗೆಲ್ಲ ಅಣುಬಾಂಬ್ ಇತ್ತು. ನಿಮ್ಮ ಸೂತ್ರದ ಪ್ರಕಾರ ದಕ್ಷಿಣ ಕೊರಿಯಾದ ಜೇಬಲ್ಲಿ ಬಾಂಬ್ ಇರಬೇಕು. ಎಲ್ಲಿದೆ ತೋರಿಸಿ.

ಇನ್ನೊಂದು ಕಡೆ ಸೌದಿ ಅರೇಬಿಯಾ. ಅದು ನನ್ನ ವಾದಕ್ಕೂ ಸರಿಯಾಗಿ ಕೂರುವುದಿಲ್ಲ, ಬಚ್ಚಿಡುವುದಿಲ್ಲ. ಚೀನಾದಿಂದ ಗುಟ್ಟಾಗಿ ದೂರದ ಕ್ಷಿಪಣಿ ಕೊಂಡರು, 1988ರಲ್ಲಿ ಬಯಲಾಯಿತು. 2,000 ಕಿಲೋಮೀಟರಿಗಿಂತ ದೂರ ಹೋಗುವ ಡಿಎಫ್-3. ಚೀನಾ ಅದನ್ನು ಮಾಡಿದ್ದು ಅಣುಬಾಂಬ್ ಹೊರಲು. ಸೌದಿಗೆ ಸಾದಾ ಮದ್ದಿನ ತಲೆ ಹಾಕಿ ಮಾರಿತು. ಗುರಿ ಕಿಲೋಮೀಟರ್ ಲೆಕ್ಕದಲ್ಲಿ ತಪ್ಪುವ ಜಾತಿ. 776 ಎಕರೆ ಗಿರಾಕಿ! ಅನುಮಾನ ಏಳದೆ ಇರುತ್ತದೆಯೇ? ಎದ್ದಿತು. ಅದೇ ವರ್ಷ ಸೌದಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿತು. ಆಮೇಲೆ 2014ರಲ್ಲಿ ಆ ಕ್ಷಿಪಣಿಗಳನ್ನು ಪರೇಡಿನಲ್ಲಿ ಮೆರವಣಿಗೆ ಮಾಡಿಸಿತು. ಕೆಲವರು ಬುಲೆಟ್ ಬೈಕ್ ಇಟ್ಟುಕೊಳ್ಳುವುದು ಓಡಿಸಲಿಕ್ಕಲ್ಲ, ಮನೆ ಮುಂದೆ ನಿಲ್ಲಿಸಲು. ಪಕ್ಕದ ಮನೆಯವನು ನೋಡಬೇಕು, ಅಷ್ಟೇ. ಇದೂ ಒಂದು ಕಾರಣವೇ. ಬುದ್ಧಿವಂತ ಕಾರಣ ಅಂತ ನಾನು ಹೇಳುತ್ತಿಲ್ಲ.

ದೇಶವೇ ಅಲ್ಲದವರೂ ಈ ಆಟಕ್ಕೆ ಬಂದಿದ್ದಾರೆ. 2025ರ ಮೇ 4ರಂದು ಯೆಮೆನ್‌ನ ಹೂತಿ ಬಂಡುಕೋರರು ಬಿಟ್ಟ ಒಂದು ಕ್ಷಿಪಣಿ ಇಸ್ರೇಲಿನ ಬೆನ್ ಗುರಿಯನ್ ವಿಮಾನ ನಿಲ್ದಾಣದ ರಸ್ತೆ ಪಕ್ಕ ಬಿತ್ತು. ಒಂದೇ ಒಂದು. ಹಲವು ವಿಮಾನ ಕಂಪನಿಗಳು ಹಾರಾಟ ನಿಲ್ಲಿಸಿದವು. ಕಟ್ಟಡ ಬೀಳದಿದ್ದರೂ ಕಟ್ಟಡದ ಕೆಲಸ ನಿಲ್ಲುತ್ತದೆ ಅನ್ನುವುದನ್ನು ಅವರು ಚೆನ್ನಾಗಿ ಕಲಿತಿದ್ದಾರೆ.

ನಮ್ಮ ದೇಶದ ವಿಷಯ ಎತ್ತದೆ ಹೋದರೆ ಮೋಸವಾಗುತ್ತದೆ. 1989ರ ಮೇ 22ರಂದು ಒಡಿಶಾದ ಚಾಂದಿಪುರದಿಂದ ಅಗ್ನಿ ಹಾರಿತು. ಅವತ್ತು ನಾವು ಅಣ್ವಸ್ತ್ರ ದೇಶ ಅಂತ ಹೇಳಿಕೊಂಡಿರಲಿಲ್ಲ. 1974ರಲ್ಲಿ ಪೋಖರಣ್‌ನಲ್ಲಿ ಸ್ಫೋಟ ಮಾಡಿದ್ದೆವು, ಅದನ್ನು ಶಾಂತಿಗಾಗಿ ಅಂದಿದ್ದೆವು. ಅಗ್ನಿಯನ್ನೂ ಆಯುಧ ಅನ್ನಲಿಲ್ಲ, ತಂತ್ರಜ್ಞಾನ ತೋರಿಸುವ ಪ್ರಯೋಗ ಅಂದೆವು. ಅದರ ಮೊದಲ ಹಂತ ಬಂದದ್ದು 1980ರಲ್ಲಿ ರೋಹಿಣಿ ಉಪಗ್ರಹ ಹೊತ್ತೊಯ್ದ ಎಸ್‌ಎಲ್‌ವಿ-3ರಿಂದ. ಎರಡರ ಹಿಂದೆಯೂ ಅಬ್ದುಲ್ ಕಲಾಂ. ಒಂಬತ್ತು ವರ್ಷ ಕಳೆದು 1998ರ ಮೇ ತಿಂಗಳಲ್ಲಿ ನಾವು ಬಾಂಬ್ ಇದೆ ಅಂತ ಜಗತ್ತಿಗೆ ಹೇಳಿದೆವು. ಅಂದರೆ ನಮ್ಮ ಲೆಕ್ಕದಲ್ಲಿ ನಿಮ್ಮ ಅನುಮಾನ ನಿಜವೇ ಆಯಿತು! ಗಾಡಿ ಮೊದಲು ಕಟ್ಟಿಟ್ಟುಕೊಂಡೆವು, ಎತ್ತು ಆಮೇಲೆ ಹೂಡಿದೆವು. ಇದನ್ನು ಒಪ್ಪುತ್ತೇನೆ. ಇಂಥ ದೇಶಗಳೂ ಇರುತ್ತವೆ. ಮುಂದೆ ಎಂದಾದರೂ ಬೇಕಾದೀತು ಅಂತ ದಾರಿ ತೆರೆದಿಟ್ಟುಕೊಳ್ಳುವುದೂ ದೂರದ ಕ್ಷಿಪಣಿಗೆ ಒಂದು ಕಾರಣ.

ದೊಡ್ಡ ದೇಶಗಳಿಗೂ ನಿಮ್ಮದೇ ಅನುಮಾನ ಇತ್ತು. 1987ರಲ್ಲಿ ಏಳು ದೇಶಗಳು ಕೂತು ಕ್ಷಿಪಣಿ ತಂತ್ರಜ್ಞಾನ ಮಾರಾಟಕ್ಕೆ ಗೆರೆ ಹಾಕಿದವು. 500 ಕಿಲೋ ತೂಕವನ್ನು 300 ಕಿಲೋಮೀಟರ್ ಒಯ್ಯಬಲ್ಲದ್ದನ್ನು ಕೊಡಬಾರದು ಅಂತ. 500 ಕಿಲೋ ಯಾಕೆ? ಹೊಸದಾಗಿ ಬಾಂಬ್ ಮಾಡುವವನ ಮೊದಲ ಬಾಂಬ್ ಅಷ್ಟಾದರೂ ತೂಗುತ್ತದೆ ಅನ್ನುವ ಅಂದಾಜು. ನಾವೂ 2016ರಲ್ಲಿ ಆ ಕೂಟಕ್ಕೆ ಸೇರಿದೆವು. ಆದರೆ ಅದು ಮಾರಾಟದ ಗೆರೆ. ದೇಶವೊಂದು ತನಗಾಗಿ ತಾನು ದೂರದ ಕ್ಷಿಪಣಿ ಮಾಡಿಕೊಳ್ಳುವುದನ್ನು ಎಲ್ಲರಿಗೂ ಅನ್ವಯಿಸುವ ಹಾಗೆ ನಿಷೇಧಿಸಿದ ಒಪ್ಪಂದ ಇವತ್ತಿಗೂ ಇಲ್ಲ.

ಹಾಗಾದರೆ ಯಾವ ದೇಶದ್ದು ಬರೀ ಉದ್ದ ಕೈ, ಯಾವುದರ ಜೇಬಲ್ಲಿ ಬಾಂಬ್ ಇದೆ ಅಂತ ಹೇಗೆ ತಿಳಿಯುವುದು? ಇಬ್ಬರ ಜಮೀನು ಅಕ್ಕಪಕ್ಕ ಇದ್ದ ಮಾತ್ರಕ್ಕೆ ಒಬ್ಬನ ಪಹಣಿ ನೋಡಿ ಇನ್ನೊಬ್ಬನ ಖಾತೆ ಬರೆಯುವುದಿಲ್ಲ ನಾವು. ಬಾಂಬಿಗೆ ಅದರದ್ದೇ ಪಹಣಿ ಇದೆ. ಯುರೇನಿಯಂ ಎಷ್ಟು ಶುದ್ಧ ಮಾಡಿದ್ದಾರೆ, ಎಷ್ಟು ಕಿಲೋ ಇದೆ, ರಿಯಾಕ್ಟರಿನ ಸುಟ್ಟ ಇಂಧನ ಎಲ್ಲಿ ಹೋಯಿತು, ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಯವರನ್ನು ಒಳಗೆ ಬಿಟ್ಟರೇ ಇಲ್ಲವೇ. ಅದನ್ನು ನೋಡಬೇಕು. ಕ್ಷಿಪಣಿಯ ಪಹಣಿಯಲ್ಲಿ ದೂರದ ಜೊತೆ ಗುರಿಯ ಕಾಲಂ ನೋಡಬೇಕು. ಗುರಿ ಕೆಟ್ಟದ್ದಿದ್ದು, ದೂರ ಮಾತ್ರ ಬೆಳೆಸುತ್ತಾ ಹೋದರೆ ಅನುಮಾನ ಪಡಿ, ನಾನೂ ನಿಮ್ಮ ಜೊತೆ ಬರುತ್ತೇನೆ.

ನಮ್ಮ ಕಾವಲಿನ ಬಗ್ಗೆ ಒಂದು ಮಾತು ಉಳಿದಿತ್ತು. ಅಮೃತ ಮಹಲ್ ದನ ಬರೀ ಬೇಸಾಯದ ದನವಾಗಿರಲಿಲ್ಲ. ಹೈದರ್, ಟಿಪ್ಪು ಕಾಲದಲ್ಲಿ ತೋಪು, ಸರಂಜಾಮು ಎಳೆಯುತ್ತಿದ್ದವು ಅವು. ಬೇರೆ ಸೈನ್ಯದ ಎತ್ತು ಸುಸ್ತಾಗಿ ಕೂತ ಮೇಲೂ ಇವು ನಡೆಯುತ್ತಿದ್ದವು. ಹೈದರನ ತೋಪು ಎಷ್ಟು ದೂರ ಮುಟ್ಟುತ್ತದೆ ಅನ್ನುವುದನ್ನು ತೋಪಿನ ಬಾಯಿಗಿಂತ ಎತ್ತಿನ ಕಾಲು ನಿರ್ಧರಿಸುತ್ತಿತ್ತು. 1779ರಲ್ಲಿ ನಮ್ಮ ಮದಕರಿ ನಾಯಕರಿಗೆ ಅದರ ಬಿಸಿ ತಟ್ಟಿತು. ಅದೇ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ ಮರುವರ್ಷ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಮೇಲೆ ಬಿತ್ತು. ಎರಡು ಕಿಲೋಮೀಟರ್ ಆಸುಪಾಸು ಹೋಗುತ್ತಿತ್ತು, ಗುರಿ ದೇವರಿಗೇ ಪ್ರೀತಿ. ದೂರಕ್ಕೆ ಕೈ ಚಾಚುವ ಆಸೆ ಅಣುಬಾಂಬಿಗಿಂತ ಬಹಳ ಹಳೆಯದು. ಅದರ ಮೇವು ನಮ್ಮ ತಾಲೂಕಿನಲ್ಲೇ ಬೆಳೆಯುತ್ತಿತ್ತು.

ಈಗ ನನ್ನ ಅರ್ಜಿ. ಬರುವ ವರ್ಷವೂ ಇದೇ ವಿಷಯ ಇಡುವುದಾದರೆ ಹೀಗೆ ಇಡಿ: 'ಗುರಿ ತಪ್ಪದ ಕ್ಷಿಪಣಿ ಬಂದ ಮೇಲೆ ಅಣ್ವಸ್ತ್ರವಿಲ್ಲದ ದೇಶಗಳು ಹೆಚ್ಚು ಸುರಕ್ಷಿತ.' ಇದಕ್ಕೆ ಎರಡೂ ಕಡೆ ಗಟ್ಟಿ ವಾದವಿದೆ. ಮಕ್ಕಳು ಒಂದು ವಾರ ನಿದ್ದೆಗೆಟ್ಟು ಓದುತ್ತಾರೆ. ನನಗಂತೂ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ.

ಎರಡನೆಯದು ಸಣ್ಣದು. ಬಹುಮಾನ ಗೆದ್ದ ಹುಡುಗ ಚೆನ್ನಾಗಿ ಮಾತಾಡಿದ, ಅದು ಅವನಿಗೇ ಇರಲಿ. ಆದರೆ ಪಹಣಿಯಲ್ಲಿ ತಪ್ಪು ಬಿದ್ದರೆ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಡುವ ಹಾಗೆ ನಿಮಗೆ ಕೊಡುತ್ತಿದ್ದೇನೆ. ವಿ-2 1944, ಹಿರೋಶಿಮಾ 1945. ಹುಡುಗಿ ಹೇಳಿದ್ದು ಅದನ್ನೇ. ಇಸವಿಗೆ ಅಂತ ಕಳೆದ ಎರಡು ಅಂಕವನ್ನು ಅವಳ ಹಾಳೆಯಲ್ಲಿ ವಾಪಸ್ ಬರೆದು, ಪಕ್ಕದಲ್ಲಿ ಒಂದು ಸಹಿ ಹಾಕಿಕೊಡಿ. ಅಂಚೆಯಲ್ಲಿ ಬಂದರೂ ನಡೆಯುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ವೇಯರ್
ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ